ದೇಹಕ್ಕೆ ಸೆಕೆಂಡು, ಪ್ರಶ್ನಾವಳಿಗೆ ತಿಂಗಳು: ಒತ್ತಡ ಅಳೆಯುವ ಕೆಲಸದ ಒಳವಿವರ

ಒಬ್ಬರ ಒತ್ತಡವನ್ನು ಅಳೆಯಲು ಹೊರಟಾಗ ನಮ್ಮ ಕೈಯಲ್ಲಿ ಎರಡು ಬಗೆಯ ಸಾಧನಗಳಿರುತ್ತವೆ. ಒಂದು, ಮೈಗೆ ಅಂಟಿಸುವ ಎಲೆಕ್ಟ್ರೋಡ್‌ಗಳು. ಇನ್ನೊಂದು, ಕಾಗದದ ಮೇಲಿನ ಪ್ರಶ್ನೆಗಳು. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಎರಡೂ ಒಂದೇ ಉತ್ತರ ಕೊಡುತ್ತವೆಂದು ಕಾಯುತ್ತಾರೆ; ಕೊಡದಿದ್ದಾಗ ಯಂತ್ರ ಕೆಟ್ಟಿದೆ ಅಥವಾ ಉತ್ತರಿಸಿದವರು ಸುಳ್ಳು ಹೇಳಿದ್ದಾರೆ ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಎರಡೂ ಅಲ್ಲ. ಹೃದಯ ಬಡಿತ ಒಂದೆರಡು ಸೆಕೆಂಡಿನಲ್ಲಿ ಬದಲಾಗುತ್ತದೆ. ಅಂಗೈಯ ಬೆವರು 1ರಿಂದ 4 ಸೆಕೆಂಡು ತಡವಾಗಿ ಏಳುತ್ತದೆ. ಬೆರಳ ತುದಿ ತಣ್ಣಗಾಗಲು ಇನ್ನೂ ಹೆಚ್ಚು ಹೊತ್ತು ಬೇಕು. ಲಾಲಾರಸದಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ತನ್ನ ತುದಿ ಮುಟ್ಟುವುದು ಒತ್ತಡ ಶುರುವಾದ 20–30 ನಿಮಿಷಗಳ ಮೇಲೆ. ಇತ್ತ ಪ್ರಶ್ನಾವಳಿಗಳಲ್ಲಿ ಒಂದು ಈ ಕ್ಷಣವನ್ನು ಕೇಳುತ್ತದೆ, ಇನ್ನೊಂದು ಕಳೆದ ವಾರವನ್ನು, ಮತ್ತೊಂದು ಕಳೆದ ತಿಂಗಳನ್ನು. ಇವನ್ನೆಲ್ಲ ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಬರೆದು ಹೋಲಿಸುವ ಮುಂಚೆ, ಯಾವುದು ಯಾವ ಹೊತ್ತಿನ ಮಾತಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಪ್ರಯೋಗದ ಆರಂಭದಿಂದ ಕೊನೆಯವರೆಗೆ ನಾವು ತೆಗೆದುಕೊಳ್ಳುವ ಹೆಚ್ಚಿನ ನಿರ್ಧಾರಗಳು ಈ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತವೆ.

ಇನ್ನೊಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಭಾವನೆಯನ್ನು ಎರಡು ಅಕ್ಷಗಳಲ್ಲಿ ನೋಡುವ ಪದ್ಧತಿ ಇದೆ. ಜೇಮ್ಸ್ ರಸೆಲ್ 1980ರಲ್ಲಿ ಅದನ್ನು ಒಂದು ವೃತ್ತವಾಗಿ ಮಂಡಿಸಿದರು. ಒಂದು ಅಕ್ಷ ಹಿತ–ಅಹಿತದ್ದು, ಇನ್ನೊಂದು ಉದ್ರೇಕದ ಮಟ್ಟದ್ದು. ಬೆವರಿದಷ್ಟೂ ಏರುವ ಚರ್ಮದ ವಿದ್ಯುತ್ ವಾಹಕತೆ ಎರಡನೆಯದನ್ನು ಚೆನ್ನಾಗಿ ಹೇಳುತ್ತದೆ, ಮೊದಲನೆಯದನ್ನು ಹೇಳುವುದೇ ಇಲ್ಲ. ಅಂಗೈಯ ಬೆವರು ಗ್ರಂಥಿಗಳಿಗೆ ದೇಹವನ್ನು ಉದ್ರೇಕಿಸುವ ಸಿಂಪಥೆಟಿಕ್ ನರಗಳು ಮಾತ್ರ ಬರುತ್ತವೆ. ದೇಹವನ್ನು ಶಾಂತಗೊಳಿಸುವ ಪ್ಯಾರಾಸಿಂಪಥೆಟಿಕ್ ನರಗಳ ಹಿಡಿತ ಅಲ್ಲಿಲ್ಲ. ಹಾಗಾಗಿ ಭಯಕ್ಕೂ ಅಂಗೈ ಬೆವರುತ್ತದೆ, ಬಹುಮಾನ ಗೆದ್ದ ಸಂಭ್ರಮಕ್ಕೂ ಬೆವರುತ್ತದೆ. ಹೃದಯಕ್ಕಾದರೆ ಎರಡೂ ಬಗೆಯ ನರಗಳಿವೆ. ಬಡಿತ ಏರಿದರೆ ಒಂದು ನರ ತಳ್ಳಿದ್ದರಿಂದಲೋ ಇನ್ನೊಂದು ತನ್ನ ತಡೆಯನ್ನು ಸಡಿಲಿಸಿದ್ದರಿಂದಲೋ ಎಂದು ಬಡಿತದ ಸಂಖ್ಯೆಯೊಂದರಿಂದ ತಿಳಿಯದು. ಯಂತ್ರದ ಗೆರೆ ನೋಡಿ ‘ಇವರಿಗೆ ಭಯವಾಗಿದೆ’ ಎನ್ನಲು ಬರುವುದಿಲ್ಲ. ಸುಳ್ಳು ಪತ್ತೆ ಯಂತ್ರದ ಮೇಲೆ ನಮಗೆ ಭರವಸೆ ಇಲ್ಲದಿರುವುದಕ್ಕೂ ಇದೇ ಕಾರಣ: ಸುಳ್ಳು ಹೇಳುವವರ ಉದ್ರೇಕವೂ, ತಮ್ಮನ್ನು ನಂಬಲಾರರೆಂದು ಹೆದರಿದ ನಿರಪರಾಧಿಯ ಉದ್ರೇಕವೂ ಆ ಗೆರೆಯಲ್ಲಿ ಒಂದೇ ಥರ ಕಾಣುತ್ತವೆ.

ಕೆಲಸ ಶುರುವಾಗುವುದು ಹಿಂದಿನ ದಿನ. ಬರುವವರಿಗೆ ಸೂಚನೆ ಬರೆದು ಕಳಿಸುತ್ತೇವೆ: ಬರುವ ಕೆಲವು ಗಂಟೆ ಮುಂಚಿನಿಂದ ಕೆಫೀನ್ ಇರುವ ಪಾನೀಯ ಮತ್ತು ತಂಬಾಕು ಬೇಡ, ಆ ದಿನ ಶ್ರಮದ ವ್ಯಾಯಾಮ ಬೇಡ, ಬರುವ ಒಂದು ಗಂಟೆ ಮುಂಚೆ ನೀರಿನ ಹೊರತು ಏನೂ ಬೇಡ. ಔಷಧಿಗಳ ಪಟ್ಟಿ ಕೇಳುವುದು ಔಪಚಾರಿಕತೆಯಲ್ಲ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ಹೃದಯ ಬಡಿತ ಏರಬೇಕಾದಷ್ಟು ಏರುವುದಿಲ್ಲ. ಬೆವರು ಗ್ರಂಥಿಗಳಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್. ಅದನ್ನು ತಡೆಯುವ ಗುಣ ಕೆಲವು ಅಲರ್ಜಿ ಮಾತ್ರೆಗಳಲ್ಲೂ ಹಳೆಯ ತಲೆಮಾರಿನ ಖಿನ್ನತೆಯ ಔಷಧಿಗಳಲ್ಲೂ ಇದೆ, ಅವುಗಳಿಂದ ಚರ್ಮದ ಸಂಕೇತ ಬಹುತೇಕ ಮಲಗಿಬಿಡಬಹುದು. ಗರ್ಭನಿರೋಧಕ ಮಾತ್ರೆಗಳು ಕಾರ್ಟಿಸಾಲ್ ಪ್ರತಿಕ್ರಿಯೆಯನ್ನು ಬದಲಿಸುತ್ತವೆ. ಇದಾವುದಕ್ಕಾಗಿಯೂ ಯಾರೂ ತಮ್ಮ ಮಾತ್ರೆ ನಿಲ್ಲಿಸಿ ಬರಬಾರದು, ಅದನ್ನು ದಪ್ಪ ಅಕ್ಷರದಲ್ಲೇ ಬರೆಯುತ್ತೇವೆ. ನಮಗೆ ಬೇಕಿರುವುದು ಮಾಹಿತಿ ಮಾತ್ರ.

ಕೋಣೆಯ ಉಷ್ಣತೆ 22ರಿಂದ 24 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. ಸೆಕೆ ಇದ್ದರೆ ಬೆವರು ಮನಸ್ಸಿನ ಕಥೆ ಬಿಟ್ಟು ಹವೆಯ ಕಥೆ ಹೇಳುತ್ತದೆ. ಚಳಿಯಿದ್ದರೆ ಬೆರಳ ರಕ್ತನಾಳ ಕುಗ್ಗಿ ನಾಡಿಯ ಅಲೆಯೇ ಸಿಗುವುದಿಲ್ಲ. ಹೊರಗಿನಿಂದ ನಡೆದು ಬಂದವರು ಕನಿಷ್ಠ ಹತ್ತು ಹದಿನೈದು ನಿಮಿಷ ಕೂತ ಮೇಲೆಯೇ ಮುಂದಿನ ಕೆಲಸ. ಆ ಹೊತ್ತಿನಲ್ಲಿ ಸಮ್ಮತಿ ಪತ್ರ ಓದಿ ಹೇಳಬಹುದು, ಸ್ವಭಾವವನ್ನು ಮತ್ತು ಕಳೆದ ದಿನಗಳನ್ನು ಕೇಳುವ ಪ್ರಶ್ನಾವಳಿಗಳನ್ನೂ ತುಂಬಿಸಬಹುದು. ಇವನ್ನು ತಂತಿ ಜೋಡಿಸುವ ಮೊದಲೇ ಮುಗಿಸಬೇಕು. ಒತ್ತಡದ ಪರೀಕ್ಷೆ ಮುಗಿದ ಮೇಲೆ ‘ಕಳೆದ ತಿಂಗಳು ಹೇಗಿತ್ತು’ ಎಂದು ಕೇಳಿದರೆ, ಆಗಷ್ಟೇ ಪಟ್ಟ ಪಾಡು ಇಡೀ ತಿಂಗಳಿಗೆ ಬಣ್ಣ ಬಳಿಯುತ್ತದೆ.

ತಿಂಗಳ ಲೆಕ್ಕ ಕೇಳುವುದು ಪಿಎಸ್‌ಎಸ್, ಅಂದರೆ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್. ಕೋಹೆನ್, ಕಮಾರ್ಕ್, ಮರ್ಮೆಲ್‌ಸ್ಟೀನ್ 1983ರಲ್ಲಿ 14 ಪ್ರಶ್ನೆಗಳೊಂದಿಗೆ ಪ್ರಕಟಿಸಿದ್ದು. ಈಗ ಹೆಚ್ಚು ಬಳಕೆಯಲ್ಲಿರುವುದು 10 ಪ್ರಶ್ನೆಗಳ ರೂಪ. ಪ್ರತಿ ಪ್ರಶ್ನೆಗೆ 0ರಿಂದ 4, ಒಟ್ಟು 0ರಿಂದ 40. ಇದರಲ್ಲಿ 4, 5, 7 ಮತ್ತು 8ನೇ ಪ್ರಶ್ನೆಗಳು ಒಳ್ಳೆಯ ಸ್ಥಿತಿಯನ್ನು ಕೇಳುತ್ತವೆ, ಆದ್ದರಿಂದ ಕೂಡುವ ಮುಂಚೆ ಅವುಗಳ ಅಂಕ ತಿರುಗಿಸಬೇಕು: 0 ಇದ್ದರೆ 4, 1 ಇದ್ದರೆ 3. ಈ ತಿರುಗಿಸುವಿಕೆ ಬಿಟ್ಟುಹೋದರೆ ಎಲ್ಲರ ಅಂಕವೂ ಮಧ್ಯಕ್ಕೆ ಬಂದು ಗುಂಪಾಗುತ್ತದೆ, ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ಅನುಮಾನ ಬರುವಷ್ಟು ಕೆಳಗಿಳಿಯುತ್ತದೆ. ಆಲ್ಫಾ ಕಡಿಮೆ ಬಂದಾಗ ಮೊದಲು ನೋಡಬೇಕಾದ ಜಾಗ ಇದು. ಹತ್ತೂ ಪ್ರಶ್ನೆಗೆ ಒಂದೇ ಅಂಕಣದಲ್ಲಿ ಗುರುತು ಹಾಕಿಕೊಂಡು ಹೋದವರನ್ನು ಹಿಡಿಯುವುದೂ ಈ ತಿರುಗು ಪ್ರಶ್ನೆಗಳೇ.

ವಾರದ ಲೆಕ್ಕಕ್ಕೆ ಡಿಎಎಸ್‌ಎಸ್-21 ಇದೆ. ಖಿನ್ನತೆ, ಆತಂಕ, ಒತ್ತಡ ಮೂರಕ್ಕೂ ಏಳೇಳು ಪ್ರಶ್ನೆ, 0ರಿಂದ 3. ಮೂಲ 42 ಪ್ರಶ್ನೆಗಳ ರೂಪದ ಮಟ್ಟಗಳೊಂದಿಗೆ ಹೋಲಿಸಬೇಕಾದರೆ ಬಂದ ಮೊತ್ತವನ್ನು ಎರಡರಿಂದ ಗುಣಿಸಬೇಕು. ಗುಣಿಸದೆ ಕೋಷ್ಟಕ ನೋಡಿದರೆ ತೀವ್ರ ಒತ್ತಡದಲ್ಲಿರುವವರೂ ‘ಸಾಮಾನ್ಯ’ ಎಂಬ ಸಾಲಿಗೆ ಬೀಳುತ್ತಾರೆ. ಸ್ಪೀಲ್‌ಬರ್ಗರ್ ಅವರ ಆತಂಕದ ಪ್ರಶ್ನಾವಳಿ ಎಸ್‌ಟಿಎಐ ಎರಡು ಭಾಗದ್ದು: ಆ ಕ್ಷಣದ ಆತಂಕಕ್ಕೆ 20, ಸ್ವಭಾವದ ಆತಂಕಕ್ಕೆ 20 ಹೇಳಿಕೆಗಳು, ಪ್ರತಿ ಭಾಗಕ್ಕೂ 20ರಿಂದ 80ರ ತನಕ ಅಂಕ. ಸ್ವಭಾವದ ಭಾಗವನ್ನು ಒಮ್ಮೆ ಆರಂಭದಲ್ಲಿ, ಕ್ಷಣದ ಭಾಗವನ್ನು ಹಲವು ಸಲ ಕೊಡುತ್ತೇವೆ. ಇದಕ್ಕೆ ಪರವಾನಗಿ ಬೇಕು, ನಕಲು ತೆಗೆದು ಹಂಚುವಂತಿಲ್ಲ.

ಬಳಸುವ ಪ್ರಶ್ನಾವಳಿಯಲ್ಲಿ ಆತ್ಮಹತ್ಯೆಯ ಯೋಚನೆಯ ಬಗ್ಗೆ ಪ್ರಶ್ನೆ ಇದ್ದರೆ (ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಒಂಬತ್ತನೆಯದು ಅಂಥದ್ದು), ‘ಹೌದು’ ಎಂಬ ಉತ್ತರ ಬಂದರೆ ಆ ಕೂಡಲೇ ಯಾರು ಮಾತಾಡುತ್ತಾರೆ, ಎಲ್ಲಿಗೆ ಕಳಿಸುತ್ತೇವೆ ಎಂಬುದು ಪ್ರಯೋಗ ಶುರುವಾಗುವ ಮುಂಚೆ ಬರೆದಿಟ್ಟಿರಬೇಕು. ಉತ್ತರಪತ್ರಗಳನ್ನು ಕಟ್ಟಿಟ್ಟು ತಿಂಗಳ ಕೊನೆಗೆ ಕಂಪ್ಯೂಟರಿಗೆ ತುಂಬುವ ಅಭ್ಯಾಸ ಇಲ್ಲಿ ಅಪಾಯಕಾರಿ. ಆ ಒಂದು ಸಾಲನ್ನಾದರೂ ಅವರು ಕೋಣೆಯಲ್ಲಿರುವಾಗಲೇ ನೋಡಬೇಕು.

ಈಗ ಚರ್ಮ. ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದೇ. ಕೈಯನ್ನು ಬರಿಯ ನೀರಿನಲ್ಲಿ ತೊಳೆಸಿ ಒರೆಸಬೇಕು. ಸೋಪು ಹಚ್ಚಿದರೆ ಚರ್ಮದ ಹೊರಪದರ ಉಬ್ಬಿ ವಾಹಕತೆ ಬದಲಾಗುತ್ತದೆ, ಸ್ಪಿರಿಟ್ ಹಚ್ಚಿದರೆ ಒಣಗುತ್ತದೆ. ಬರೆಯದ ಕೈಯ ತೋರುಬೆರಳು ಮತ್ತು ನಡುಬೆರಳಿನ ಒಳಬದಿಗೆ ಬೆಳ್ಳಿ–ಬೆಳ್ಳಿಕ್ಲೋರೈಡ್ ಎಲೆಕ್ಟ್ರೋಡ್. ಬೆರಳಿಗೆ ಗಾಯವೋ ಗಟ್ಟಿ ಜಡ್ಡೋ ಇದ್ದರೆ ಅಂಗೈಯ ಹೆಬ್ಬೆರಳ ಬುಡದ ದಿಬ್ಬ ಮತ್ತು ಕಿರುಬೆರಳ ಬದಿಯ ದಿಬ್ಬ. ಯಾವ ಜಾಗ ಆರಿಸಿದರೂ ಪ್ರಯೋಗದಲ್ಲಿ ಎಲ್ಲರಿಗೂ ಅದೇ ಜಾಗವಾಗಿದ್ದರೆ ಒಳ್ಳೆಯದು. ಎಲೆಕ್ಟ್ರೋಡ್‌ಗಳ ನಡುವೆ 0.5 ವೋಲ್ಟ್ ಸ್ಥಿರ ವೋಲ್ಟೇಜ್ ಇಟ್ಟು ಹರಿಯುವ ವಿದ್ಯುತ್ತನ್ನು ಅಳೆಯುತ್ತೇವೆ. ಕೂತವರಿಗೆ ಅದರ ಅರಿವೇ ಆಗುವುದಿಲ್ಲ. ಉತ್ತರ ಬರುವುದು ವಾಹಕತೆಯ ಏಕಮಾನವಾದ ಮೈಕ್ರೋಸೀಮನ್ಸ್‌ನಲ್ಲಿ.

ಜೆಲ್ ವಿಷಯದಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಚರ್ಮದ ವಾಹಕತೆಗೆ ಬೇಕಿರುವುದು ಬೆವರಿನಷ್ಟೇ ಉಪ್ಪಿರುವ ಜೆಲ್: 0.05ರಿಂದ 0.075 ಮೋಲಾರ್ ಸೋಡಿಯಂ ಕ್ಲೋರೈಡ್. ಇಸಿಜಿಗೆ ಬಳಸುವ ಜೆಲ್‌ನಲ್ಲಿ ಉಪ್ಪು ಬಹಳ ಹೆಚ್ಚು. ಅದನ್ನು ಹಚ್ಚಿದರೆ ಗೆರೆ ಮೊದಲು ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಉಪ್ಪು ಚರ್ಮದೊಳಗೆ ಇಳಿಯುತ್ತಾ ಮಟ್ಟ ಏರುತ್ತಲೇ ಹೋಗುತ್ತದೆ. ಆ ಏರಿಕೆಯನ್ನು ಯಾರಾದರೂ ‘ಒತ್ತಡ ಹೆಚ್ಚಾಯಿತು’ ಎಂದು ಓದಿದರೆ ಅವರ ತಪ್ಪಲ್ಲ, ಗೆರೆ ಹಾಗೆಯೇ ಕಾಣುತ್ತದೆ. ಸರಿಯಾದ ಜೆಲ್ ಹಚ್ಚಿದಾಗಲೂ ಅದು ನೆನೆದು ನಿಲ್ಲಲು 5ರಿಂದ 10 ನಿಮಿಷ ಬೇಕು. ಅಷ್ಟು ಹೊತ್ತು ಅಳತೆ ಶುರು ಮಾಡಬಾರದು.

ಆಮೇಲೆ ಒಂದು ಸಣ್ಣ ಪರೀಕ್ಷೆ: ಆಳವಾಗಿ ಒಮ್ಮೆ ಉಸಿರೆಳೆದು ಬಿಡಲು ಹೇಳುತ್ತೇವೆ. ಒಂದೆರಡು ಸೆಕೆಂಡಿನಲ್ಲಿ ಗೆರೆ ಎದ್ದು, 1ರಿಂದ 3 ಸೆಕೆಂಡಿನಲ್ಲಿ ತುದಿ ಮುಟ್ಟಿ, ನಿಧಾನ ಇಳಿಯಬೇಕು. ಏಳದಿದ್ದರೆ ತಂತಿ, ಅಂಟು, ಜೆಲ್ ಮೂರನ್ನೂ ನೋಡುತ್ತೇವೆ. ಎಲ್ಲ ಸರಿಯಿದ್ದೂ ಏಳದಿದ್ದರೆ ಕೈ ತಣ್ಣಗಿರಬಹುದು. ಬೆಚ್ಚಗೆ ಮಾಡಿ ಮತ್ತೆ ನೋಡಬೇಕು. ಆರೋಗ್ಯವಂತರಲ್ಲೂ ಕೆಲವರ ಚರ್ಮ ಪ್ರತಿಕ್ರಿಯಿಸುವುದೇ ಇಲ್ಲ. ಅಂಥವರ ದತ್ತಾಂಶವನ್ನು ಏನು ಮಾಡುವುದೆಂಬ ನಿಯಮ ಮುಂಚೆಯೇ ಇರಬೇಕು. ಫಲಿತಾಂಶ ನೋಡಿದ ಮೇಲೆ ಮಾಡಿದ ನಿಯಮಕ್ಕೆ ಬೆಲೆ ಇಲ್ಲ. ವಿಶ್ರಾಂತಿಯಲ್ಲಿ ಕಾಣುವ ಮಟ್ಟ ಸಾಮಾನ್ಯವಾಗಿ 2ರಿಂದ 20 ಮೈಕ್ರೋಸೀಮನ್ಸ್ ನಡುವೆ, ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿ ಏಳುವ ಪುಟ್ಟ ಅಲೆಗಳು ನಿಮಿಷಕ್ಕೆ 1ರಿಂದ 3. ಉದ್ರೇಕ ಹೆಚ್ಚಾದಾಗ ಈ ಅಲೆಗಳ ಸಂಖ್ಯೆ ನಿಮಿಷಕ್ಕೆ 20 ದಾಟಬಹುದು. ದೀರ್ಘ ಒತ್ತಡದ ಹೊತ್ತನ್ನು ಅಳೆಯಲು ನಮಗೆ ಮಟ್ಟಕ್ಕಿಂತ ಈ ಸಂಖ್ಯೆಯೇ ಹೆಚ್ಚು ನಂಬಿಕೆಯದು, ಏಕೆಂದರೆ ಜೆಲ್ ನೆನೆಯುವುದರಿಂದ ಮಟ್ಟ ಸರಿಯುತ್ತದೆ, ಅಲೆಗಳ ಎಣಿಕೆ ಅಷ್ಟು ಸುಲಭವಾಗಿ ಸರಿಯುವುದಿಲ್ಲ.

ಹೃದಯಕ್ಕೆ ಎದೆಯ ಮೇಲೆ ಮೂರು ಎಲೆಕ್ಟ್ರೋಡ್: ಬಲ ಕೊರಳೆಲುಬಿನ ಕೆಳಗೆ ಒಂದು, ಎಡ ಪಕ್ಕೆಲುಬಿನ ಕೆಳಭಾಗದಲ್ಲಿ ಒಂದು, ನೆಲಸಂಪರ್ಕಕ್ಕೆ ಇನ್ನೊಂದು. ಇಲ್ಲಿ ಚರ್ಮದ ನಿಯಮ ಪೂರ್ತಿ ಉಲ್ಟಾ: ಸ್ಪಿರಿಟ್‌ನಿಂದ ಒರೆಸಬೇಕು, ಹಗುರವಾಗಿ ಉಜ್ಜಬೇಕು, ಕೂದಲಿದ್ದರೆ ತೆಗೆಯಬೇಕು. ಎದೆ ಒರೆಸಿದ ಸ್ಪಿರಿಟ್ ಹತ್ತಿಯಿಂದಲೇ ಬೆರಳನ್ನೂ ಒರೆಸಿಬಿಡುವುದು ಹೊಸಬರಿಗೆ ತೀರಾ ಸಹಜ; ಅದಕ್ಕೇ ಬೆರಳಿನ ಕೆಲಸದ ಸಾಮಾನನ್ನು ಬೇರೆ ತಟ್ಟೆಯಲ್ಲಿ ಇಡುವುದು ಒಳಿತು. ಸೆಕೆಂಡಿಗೆ ಕನಿಷ್ಠ 250, ಸಾಧ್ಯವಾದರೆ 500 ಮಾದರಿಗಳು (ಸಂಕೇತದ ಬಿಡಿ ಅಳತೆಗಳು) ಬೇಕು. ಏಕೆಂದರೆ ನಾವು ಹುಡುಕುತ್ತಿರುವುದು ಬಡಿತಗಳ ಸಂಖ್ಯೆಯನ್ನಲ್ಲ, ಒಂದು ಬಡಿತದಿಂದ ಮುಂದಿನದಕ್ಕೆ ಇರುವ ಅಂತರ ಎಷ್ಟು ಮಿಲಿಸೆಕೆಂಡು ಆಚೀಚೆಯಾಗುತ್ತದೆ ಎಂಬುದನ್ನು. ಯುರೋಪಿನ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಜಂಟಿ ಕಾರ್ಯಪಡೆ 1996ರಲ್ಲಿ ಇದಕ್ಕೆ ಮಾನದಂಡ ಹಾಕಿಕೊಟ್ಟಿತು. 5 ನಿಮಿಷದ ದಾಖಲೆ ಎಂಬ ರೂಢಿ ಅಲ್ಲಿಂದಲೇ ಗಟ್ಟಿಯಾಯಿತು.

ಎದೆಗೆ ಉಸಿರಾಟದ ಪಟ್ಟಿಯನ್ನೂ ಕಟ್ಟುತ್ತೇವೆ. ‘ಅದೇಕೆ, ಹೃದಯ ಸಾಕಲ್ಲ’ ಎಂದು ಇದನ್ನು ಬಿಡುವವರಿದ್ದಾರೆ. ಬಿಡಬಾರದು. ಹೃದಯ ಬಡಿತದ ಏರಿಳಿತದಲ್ಲಿ 0.15ರಿಂದ 0.40 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ) ಆವರ್ತನದ ಪಟ್ಟಿಯನ್ನು ಪ್ಯಾರಾಸಿಂಪಥೆಟಿಕ್ ಚಟುವಟಿಕೆಯ ಸೂಚಕವೆಂದು ಓದುತ್ತಾರೆ. ಆ ಓದು ಸರಿಹೋಗುವುದು ನಿಮಿಷಕ್ಕೆ 9ರಿಂದ 24 ಉಸಿರಿನ ನಡುವೆ ಮಾತ್ರ. ಪ್ರಾಣಾಯಾಮ ಅಭ್ಯಾಸವಿರುವವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಆರೇಳು ಸಲ ಉಸಿರಾಡಿದರೆ, ಆ ಏರಿಳಿತವೆಲ್ಲ 0.04–0.15ರ ಕೆಳಪಟ್ಟಿಗೆ ಜಾರುತ್ತದೆ. ಆಗ ಕೆಳಪಟ್ಟಿಯನ್ನು ಮೇಲ್ಪಟ್ಟಿಯಿಂದ ಭಾಗಿಸಿ ಬಂದ ಸಂಖ್ಯೆಯನ್ನು ‘ಒತ್ತಡದ ಅನುಪಾತ’ ಎಂದು ಕರೆದರೆ, ಕೋಣೆಯಲ್ಲೇ ಅತಿ ಶಾಂತರಾಗಿರುವವರಿಗೆ ಅತಿ ಹೆಚ್ಚು ಒತ್ತಡ ಎಂದು ತೀರ್ಪು ಬರುತ್ತದೆ. ಈ ಅನುಪಾತವನ್ನು ಒತ್ತಡದ ಮಾಪಕವಾಗಿ ಬಳಸುವುದನ್ನು ಬಿಟ್ಟುಬಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಆರ್‌ಎಂಎಸ್‌ಎಸ್‌ಡಿ (ಅಕ್ಕಪಕ್ಕದ ಬಡಿತದ ಅಂತರಗಳ ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡದ್ದು) ಮತ್ತು ಉಸಿರಾಟದ ದರ, ಇವೆರಡನ್ನು ಒಟ್ಟಿಗೆ ವರದಿ ಮಾಡಿದರೆ ಓದುವವರಿಗೆ ಮೋಸವಾಗದು.

ಮಣಿಕಟ್ಟಿನ ಸಾಧನಗಳು ಹಸಿರು ಬೆಳಕು ಹಾಯಿಸಿ ಮರಳಿ ಬರುವ ಬೆಳಕಿನಿಂದ ನಾಡಿ ಎಣಿಸುತ್ತವೆ. ಸುಮ್ಮನೆ ಕೂತವರ ಸರಾಸರಿ ಬಡಿತಕ್ಕೆ ಇವು ಸಾಕು. ಕೈ ಅಲುಗಿದರೆ, ಪಟ್ಟಿ ಸಡಿಲಿದ್ದರೆ ಅಂತರಗಳ ಲೆಕ್ಕ ಕೆಡುತ್ತದೆ. ಇನ್ನೊಂದು ತೊಡಕು ಒಳಗಿನದೇ: ಒತ್ತಡ ಬಂದಾಗ ಚರ್ಮದ ರಕ್ತನಾಳ ಕುಗ್ಗಿ ನಾಡಿಯ ಅಲೆ ಚಿಕ್ಕದಾಗುತ್ತದೆ, ಅಂದರೆ ಅಳತೆ ಅತ್ಯಂತ ಬೇಕಾದ ಹೊತ್ತಿಗೇ ಸಂಕೇತ ಸೊರಗುತ್ತದೆ. ಮಣಿಕಟ್ಟಿನ ಚರ್ಮದಲ್ಲಿ ಬೆವರು ಗ್ರಂಥಿಗಳೂ ಅಂಗೈಯಷ್ಟು ದಟ್ಟವಾಗಿಲ್ಲ. ಅಲ್ಲಿಯ ವಾಹಕತೆಯ ಗೆರೆ ಚಪ್ಪಟೆಯಾಗಿದ್ದರೆ ಮನಸ್ಸು ಶಾಂತವಾಗಿತ್ತು ಎಂದರ್ಥವಲ್ಲ.

ಮುಖದ ಸ್ನಾಯುಗಳನ್ನೂ ಅಳೆಯುವುದುಂಟು. ಹುಬ್ಬು ಗಂಟಿಕ್ಕುವ ಕೊರಗೇಟರ್, ಕೆನ್ನೆ ಎತ್ತಿ ನಗಿಸುವ ಝೈಗೊಮ್ಯಾಟಿಕಸ್. ಹಿತ–ಅಹಿತದ ಅಕ್ಷವನ್ನು ಸ್ವಲ್ಪವಾದರೂ ಹೇಳುವ ದೈಹಿಕ ಸಂಕೇತ ಇದೇ. ಮಾತಾಡುವ ಕೆಲಸವಿದ್ದರೆ ಕೆನ್ನೆಯದು ಉಪಯೋಗಕ್ಕೆ ಬರುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಗಡಿಯಾರಗಳನ್ನು ಒಂದು ಮಾಡಬೇಕು. ಎದೆಯ ಸಾಧನಕ್ಕೆ ಒಂದು ಗಡಿಯಾರ, ಮಣಿಕಟ್ಟಿಗೆ ಒಂದು, ಪ್ರಶ್ನಾವಳಿ ತೋರಿಸುವ ಕಂಪ್ಯೂಟರಿಗೆ ಇನ್ನೊಂದು. ಹತ್ತು ಲಕ್ಷದಲ್ಲಿ 50 ಭಾಗದಷ್ಟು ತಪ್ಪುವ ಗಡಿಯಾರ ಗಂಟೆಗೆ 0.18 ಸೆಕೆಂಡು ಹಿಂದೆಯೋ ಮುಂದೆಯೋ ಹೋಗುತ್ತದೆ; ಅದು ದೊಡ್ಡದಲ್ಲ. ದೊಡ್ಡದು ಆರಂಭದ ವ್ಯತ್ಯಾಸ, ಅದು ಸೆಕೆಂಡುಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿರುತ್ತದೆ. ಬೆವರಿನ ಅಲೆಯನ್ನು ಪ್ರಚೋದನೆಯ 1ರಿಂದ 4 ಸೆಕೆಂಡಿನೊಳಗೆ ಹುಡುಕಬೇಕಾದಾಗ ಮೂರು ಸೆಕೆಂಡಿನ ತಪ್ಪು ಎಲ್ಲವನ್ನೂ ಅಳಿಸುತ್ತದೆ. ತಂತಿಯ ಮೂಲಕ ಗುರುತು ಕಳಿಸಲು ಬರುವ ಯಂತ್ರವಾದರೆ ಸುಲಭ. ಇಲ್ಲದಿದ್ದರೆ ಆರಂಭದಲ್ಲೂ ಕೊನೆಯಲ್ಲೂ ಸಾಧನಗಳನ್ನು ಒಟ್ಟಿಗೆ ಮೇಜಿಗೆ ಮೂರು ಸಲ ತಟ್ಟಬೇಕು. ಚಲನೆಯ ಗೆರೆಯಲ್ಲಿ ಮೂರು ಮೊನೆಗಳು ಎದ್ದು ಕಾಣುತ್ತವೆ, ಅವನ್ನು ಹೊಂದಿಸಿದರೆ ಆರಂಭದ ವ್ಯತ್ಯಾಸ ಮತ್ತು ನಡುವೆ ಗಡಿಯಾರ ಸರಿದ ಲೆಕ್ಕ ಎರಡೂ ಸಿಗುತ್ತವೆ. ಇದೇ ಹೊತ್ತಿಗೆ ಹತ್ತಿರದ ಚಾರ್ಜರ್‌ಗಳನ್ನು ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಗೋಡೆಯ ವಿದ್ಯುತ್ತಿನಿಂದ ಬರುವ 50 ಹರ್ಟ್ಸ್ ಗದ್ದಲ ಇಳಿಯಿತೇ ನೋಡುತ್ತೇವೆ.

ವಿಶ್ರಾಂತಿಯ ಅಳತೆ ಕಡಿಮೆಯೆಂದರೆ 5 ನಿಮಿಷ, ನಮಗೆ 10 ಇಷ್ಟ. ಕೊನೆಯ 5ನ್ನು ಬಳಸುತ್ತೇವೆ. ಬರಿದೇ ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ನಿದ್ದೆ, ಕೆಲವರಿಗೆ ಮುಂದೇನು ಮಾಡಿಸುತ್ತಾರೋ ಎಂಬ ದಿಗಿಲು. ಭಾವನೆ ಕೆರಳಿಸದ ಪತ್ರಿಕೆ ಓದಲು ಕೊಡುವುದು ಎರಡಕ್ಕೂ ಒಳ್ಳೆಯ ಮದ್ದು. ಮುಂದಿನ ಪರೀಕ್ಷೆ ನಿಂತು ಮಾತಾಡುವುದಾದರೆ, ಕೂತು ಸುಮ್ಮನಿದ್ದ ಅಳತೆ ಹೋಲಿಕೆಗೆ ನಿಲ್ಲುವುದಿಲ್ಲ. ಎದ್ದು ನಿಂತದ್ದಕ್ಕೇ ಬಡಿತ ಏರುತ್ತದೆ, ಮಾತಾಡಿದ್ದಕ್ಕೇ ಉಸಿರಿನ ಲಯ ಮುರಿಯುತ್ತದೆ. ಆದ್ದರಿಂದ ಇನ್ನೊಂದು ಅಳತೆ ಬೇಕು: ನಿಂತುಕೊಂಡು, ಸಪ್ಪೆಯಾದ ಪಠ್ಯವೊಂದನ್ನು ಗಟ್ಟಿಯಾಗಿ ಓದುವುದು. ಒತ್ತಡದ ಅಂಕಿಯಿಂದ ಇದನ್ನು ಕಳೆದಾಗ ಉಳಿಯುವುದೇ ಒತ್ತಡಕ್ಕೆ ಹತ್ತಿರದ್ದು.

ಒತ್ತಡ ಹುಟ್ಟಿಸಲು ಹೆಚ್ಚು ಬಳಕೆಯಲ್ಲಿರುವುದು ಟ್ರಿಯರ್ ಸೋಷಿಯಲ್ ಸ್ಟ್ರೆಸ್ ಟೆಸ್ಟ್. ಕಿರ್ಶ್‌ಬೌಮ್, ಪಿರ್ಕೆ, ಹೆಲ್‌ಹ್ಯಾಮರ್ 1993ರಲ್ಲಿ ಪ್ರಕಟಿಸಿದ್ದು. ಸ್ವಲ್ಪ ತಯಾರಿಯ ಸಮಯ, ಆಮೇಲೆ ಮುಖದಲ್ಲಿ ಯಾವ ಭಾವವೂ ತೋರಿಸದ ತೀರ್ಪುಗಾರರ ಮುಂದೆ 5 ನಿಮಿಷ ಕೆಲಸದ ಸಂದರ್ಶನದಂಥ ಭಾಷಣ, ನಂತರ 5 ನಿಮಿಷ 1022ರಿಂದ 13ನ್ನು ಕಳೆಯುತ್ತಾ ಹೋಗುವುದು: 1009, 996, 983. ತಪ್ಪಿದರೆ ಮತ್ತೆ 1022ರಿಂದ. ಇಲ್ಲಿ ಕೆಲಸ ಮಾಡುವುದು ಲೆಕ್ಕದ ಕಷ್ಟವಲ್ಲ. ಡಿಕರ್ಸನ್ ಮತ್ತು ಕೆಮೆನಿ 2004ರಲ್ಲಿ 208 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಕಾರ್ಟಿಸಾಲ್ ಅತಿ ಹೆಚ್ಚು ಏರಿದ್ದು ಎರಡು ಸೇರಿದಾಗ: ಇತರರು ನಮ್ಮನ್ನು ತೂಗುತ್ತಿದ್ದಾರೆ ಎಂಬ ಭಾವ ಮತ್ತು ಏನು ಮಾಡಿದರೂ ಪರಿಸ್ಥಿತಿ ಕೈಗೆ ಸಿಗದು ಎಂಬ ಭಾವ. ಹಾಗಾಗಿ ತೀರ್ಪುಗಾರರ ತರಬೇತಿಯೇ ಪ್ರಯೋಗದ ಬೆನ್ನೆಲುಬು. ಅವರಲ್ಲೊಬ್ಬರು ಕರುಣೆಯಿಂದ ತಲೆಯಾಡಿಸಿದರೂ ಪರೀಕ್ಷೆಯ ಹರಿತ ಹೋಗುತ್ತದೆ. ಒಮ್ಮೆ ಈ ಪರೀಕ್ಷೆಗೆ ಒಳಗಾದವರಲ್ಲಿ ಮುಂದಿನ ಸಲ ಕಾರ್ಟಿಸಾಲ್ ಅಷ್ಟು ಏರುವುದಿಲ್ಲ. ಅದೇ ಜನರನ್ನು ಮತ್ತೆ ಕರೆಯುವ ಯೋಜನೆಯಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಗುರವಾದದ್ದು ಬೇಕಾದರೆ ಸ್ಟ್ರೂಪ್ ಪರೀಕ್ಷೆ ಇದೆ: ಕೆಂಪು ಎಂಬ ಪದ ನೀಲಿ ಬಣ್ಣದಲ್ಲಿ ಬರೆದಿರುತ್ತದೆ, ಬಣ್ಣ ಹೇಳಬೇಕು. ದೈಹಿಕ ಒತ್ತಡಕ್ಕೆ ಮಂಜುಗಡ್ಡೆಯ ನೀರಿನಲ್ಲಿ ಕೈ ಇಡಿಸುವುದೂ ಉಂಟು, ಹೆಚ್ಚೆಂದರೆ 3 ನಿಮಿಷ. ಹೃದಯದ ತೊಂದರೆ ಇರುವವರಿಗೆ, ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ಸಮಸ್ಯೆ ಇರುವವರಿಗೆ ಇದನ್ನು ಮಾಡಿಸಲೇಬಾರದು.

ಪರೀಕ್ಷೆ ಮುಗಿದ ಕೂಡಲೇ ಕ್ಷಣದ ಪ್ರಶ್ನಾವಳಿ. ಕೂಡಲೇ ಎಂದರೆ ಕೂಡಲೇ. ತೀರ್ಪುಗಾರರು ಹೊರಗೆ ಹೋಗಿ, ನೀರು ಕುಡಿದು, ಸಮಾಧಾನದ ಉಸಿರು ಬಿಟ್ಟ ಮೇಲೆ ಕೇಳಿದರೆ ಬರುವ ಉತ್ತರ ಒತ್ತಡದ್ದಲ್ಲ, ಬಿಡುಗಡೆಯದ್ದು. ಇಲ್ಲಿ ಇಪ್ಪತ್ತು ಹೇಳಿಕೆಗಳ ಪಟ್ಟಿ ಉದ್ದವಾಗುತ್ತದೆ. ಮೊದಲು ಬ್ರ್ಯಾಡ್ಲಿ ಮತ್ತು ಲ್ಯಾಂಗ್ ಅವರ ಗೊಂಬೆಚಿತ್ರಗಳು: ಹಿತ, ಉದ್ರೇಕ, ಹಿಡಿತ ಎಂಬ ಮೂರು ಸಾಲು, 9 ಮೆಟ್ಟಿಲು, ಅರ್ಧ ನಿಮಿಷದ ಕೆಲಸ. ಆಮೇಲೆ ಎಸ್‌ಟಿಎಐಯ ಕ್ಷಣದ ಭಾಗ. ಸೂಚನೆಯಲ್ಲಿ ‘ಈಗ’ ಎಂದೋ ‘ಲೆಕ್ಕ ಮಾಡುತ್ತಿದ್ದಾಗ’ ಎಂದೋ ಒಂದನ್ನು ಬರೆದು, ಎಲ್ಲರಿಗೂ ಅದನ್ನೇ ಕೊಡಬೇಕು. ಕೆಲಸದ ಹೊರೆ ಅಳೆಯುವ ನಾಸಾ-ಟಿಎಲ್‌ಎಕ್ಸ್ ಬಳಸುವವರು ಒಂದು ಸಾಲಿನ ಮೇಲೆ ಕಣ್ಣಿಡಬೇಕು: ಆರರಲ್ಲಿ ಐದು ಸಾಲುಗಳು ಕಡಿಮೆಯಿಂದ ಹೆಚ್ಚಿಗೆ ಹೋದರೆ, ‘ಎಷ್ಟು ಚೆನ್ನಾಗಿ ಮಾಡಿದಿರಿ’ ಎಂಬುದು ಚೆನ್ನಾಗಿ ಎಂಬಲ್ಲಿಂದ ಸೋಲಿನ ಕಡೆಗೆ ಹೋಗುತ್ತದೆ. ಬಾಯಲ್ಲಿ ಹೇಳಿ ತೋರಿಸದಿದ್ದರೆ ಅನೇಕರು ಅದನ್ನು ತಲೆಕೆಳಗಾಗಿ ತುಂಬುತ್ತಾರೆ. ಇವೆಲ್ಲ ತುಂಬುವಾಗ ಎಲೆಕ್ಟ್ರೋಡ್ ಇರುವ ಕೈ ಮೇಜಿನ ಮೇಲೆ ಅಲುಗದೆ ಇರಬೇಕು. ತುಂಬುವ ಹೊತ್ತಿನ ಆರಂಭ ಮತ್ತು ಅಂತ್ಯವನ್ನೂ ಗುರುತಿಸಿಡುತ್ತೇವೆ, ಯಾಕೆಂದರೆ ಆ ಭಾಗ ವಿಶ್ರಾಂತಿಯೂ ಅಲ್ಲ, ಒತ್ತಡವೂ ಅಲ್ಲ.

ಕಾರ್ಟಿಸಾಲ್ ಅಳೆಯುವುದಾದರೆ ಮಧ್ಯಾಹ್ನದ ನಂತರವೇ ಕರೆಯಬೇಕು. ಎದ್ದ ಮೊದಲ 30–45 ನಿಮಿಷದಲ್ಲಿ ಅದು ತಾನಾಗಿಯೇ ಏರಿ, ಬೆಳಗಿನುದ್ದಕ್ಕೂ ಇಳಿಯುತ್ತಿರುತ್ತದೆ; ಇಳಿಜಾರಿನಲ್ಲಿ ಏರಿಕೆ ಹುಡುಕುವುದು ಕಷ್ಟ. ಪರೀಕ್ಷೆಗೆ ಮುಂಚೆ, ಮುಗಿದ ಕೂಡಲೇ, ಆಮೇಲೆ 10, 20, 30, 45 ನಿಮಿಷಕ್ಕೆ ಹತ್ತಿಯ ಉಂಡೆಯಲ್ಲೋ ಕೊಳವೆಯಲ್ಲೋ ಲಾಲಾರಸ ಹಿಡಿಯುತ್ತೇವೆ. ವಸಡಿನಿಂದ ರಕ್ತ ಬೆರೆತರೆ ಮಾದರಿ ಕೆಡುತ್ತದೆ, ಗುಲಾಬಿ ಛಾಯೆ ಕಂಡರೆ ಎಸೆಯಬೇಕು. ಉಳಿದವು ಮೈನಸ್ 20 ಡಿಗ್ರಿಗೆ. ಈ 45 ನಿಮಿಷ ವಿಶ್ರಾಂತಿಯ ಗೆರೆಗಳನ್ನೂ ದಾಖಲಿಸುತ್ತೇವೆ. ಒತ್ತಡದ ತುದಿ ಎಷ್ಟು ಎತ್ತರ ಎಂಬುದಕ್ಕಿಂತ, ಇಳಿದು ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಜನರ ನಡುವಿನ ವ್ಯತ್ಯಾಸವನ್ನು ಎಷ್ಟೋ ಸಲ ಚೆನ್ನಾಗಿ ತೋರಿಸುತ್ತದೆ.

ಕಂಪ್ಯೂಟರಿನ ಮುಂದೆ ಕೂತಾಗ ಮೊದಲ ಕೆಲಸ ಗೆರೆಗಳನ್ನು ಕಣ್ಣಿನಿಂದ ನೋಡುವುದು. ತಂತ್ರಾಂಶ ಒಂದೇ ಒಂದು ಬಡಿತವನ್ನು ಬಿಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 75 ಬಡಿತ, 5 ನಿಮಿಷಕ್ಕೆ ಸುಮಾರು 375. ನಿಜವಾದ ಆರ್‌ಎಂಎಸ್‌ಎಸ್‌ಡಿ 30 ಮಿಲಿಸೆಕೆಂಡು ಇರಲಿ. ಒಂದು ಬಡಿತ ತಪ್ಪಿದರೆ 800 ಮಿಲಿಸೆಕೆಂಡಿನ ಅಂತರ 1600 ಆಗುತ್ತದೆ. ಹಿಂದಿನದರೊಂದಿಗೆ 800, ಮುಂದಿನದರೊಂದಿಗೆ 800 ವ್ಯತ್ಯಾಸ. ವರ್ಗ ಮಾಡಿ ಸರಾಸರಿಗೆ ಸೇರಿಸಿದರೆ 30 ಇದ್ದದ್ದು ಸುಮಾರು 66 ಆಗುತ್ತದೆ. ಒತ್ತಡದಲ್ಲಿ ಈ ಅಳತೆ ಸಾಮಾನ್ಯವಾಗಿ ಇಳಿಯಬೇಕು. ತಪ್ಪಿದ ಒಂದು ಬಡಿತ ಅದನ್ನು ಎರಡು ಪಟ್ಟಿಗಿಂತ ಹೆಚ್ಚು ಏರಿಸಿ, ನರಳುತ್ತಿದ್ದವರನ್ನು ನಿರಾಳ ಎಂದು ತೋರಿಸುತ್ತದೆ. ಅಕಾಲದಲ್ಲಿ ಬೀಳುವ ಹೆಚ್ಚುವರಿ ಬಡಿತಗಳೂ ಹೀಗೆಯೇ ಕಾಡುತ್ತವೆ.

ಬೆವರಿನ ಅಲೆಗಳಿಗೆ 0.01ರಿಂದ 0.05 ಮೈಕ್ರೋಸೀಮನ್ಸ್ ನಡುವೆ ಒಂದು ಹೊಸ್ತಿಲು ನಿಗದಿಮಾಡಿ, ಅದಕ್ಕಿಂತ ಚಿಕ್ಕದನ್ನು ಬಿಡುತ್ತೇವೆ. ಅರ್ಧ ಸೆಕೆಂಡಿನೊಳಗೆ ನೇರ ಎದ್ದು ನೇರ ಬಿದ್ದದ್ದು ಬೆವರಲ್ಲ, ತಂತಿ ಅಲುಗಿದ್ದು. ಗ್ರಂಥಿ ಅಷ್ಟು ಬೇಗ ಏಳಲಾರದು, ಅಷ್ಟು ಬೇಗ ಇಳಿಯಲಂತೂ ಆಗದು. ಒಬ್ಬರ ಮಟ್ಟ 3, ಇನ್ನೊಬ್ಬರದು 15 ಇದ್ದರೆ ಎರಡನೆಯವರಿಗೆ ಐದು ಪಟ್ಟು ಒತ್ತಡ ಎಂದಲ್ಲ. ಚರ್ಮದ ದಪ್ಪ, ಗ್ರಂಥಿಗಳ ಸಂಖ್ಯೆ ಬೇರೆ ಬೇರೆ. ಪ್ರತಿಯೊಬ್ಬರನ್ನೂ ಅವರದೇ ವಿಶ್ರಾಂತಿಯೊಂದಿಗೆ ಮಾತ್ರ ಹೋಲಿಸುತ್ತೇವೆ.

ಈಗ ಎರಡೂ ಬಗೆಯ ಅಳತೆಗಳನ್ನು ಪಕ್ಕದಲ್ಲಿಡುವ ಹೊತ್ತು. ಪಿಎಸ್‌ಎಸ್ ಅಂಕಕ್ಕೂ 5 ನಿಮಿಷದ ಆರ್‌ಎಂಎಸ್‌ಎಸ್‌ಡಿಗೂ ಸಂಬಂಧ ದುರ್ಬಲವಾಗಿ ಬಂದರೆ ಗಾಬರಿ ಬೇಡ. ಒಂದು ತಿಂಗಳನ್ನು ಕೇಳಿದೆ, ಇನ್ನೊಂದು ಐದು ನಿಮಿಷವನ್ನು. ಗೊಂಬೆಚಿತ್ರದ ಉದ್ರೇಕದ ಅಂಕ ಮತ್ತು ಅದೇ ಹೊತ್ತಿನ ಬೆವರಿನ ಅಲೆಗಳನ್ನು ಒಬ್ಬರೊಳಗೇ, ಹಂತದಿಂದ ಹಂತಕ್ಕೆ ಹೋಲಿಸಿದರೆ ನಂಟು ಹೆಚ್ಚು ಸ್ಪಷ್ಟವಾಗುತ್ತದೆ. ಇಷ್ಟೆಲ್ಲ ಸರಿಹೊಂದಿಸಿದ ಮೇಲೂ ಕೆಲವರ ದೇಹ ಒಂದು, ಬಾಯಿ ಇನ್ನೊಂದು ಹೇಳುತ್ತಲೇ ಇದ್ದರೆ ಅದು ಎಸೆಯಬೇಕಾದ ದತ್ತಾಂಶವಲ್ಲ. ಬಡಿತ ಏರಿದ್ದೂ ‘ಏನೂ ಆಗಲಿಲ್ಲ’ ಎಂದವರು ತಮ್ಮ ದೇಹವನ್ನು ಗಮನಿಸದವರಿರಬಹುದು, ಆತಂಕ ಒಪ್ಪಿಕೊಳ್ಳಲು ಸಂಕೋಚಪಟ್ಟವರಿರಬಹುದು, ಅಥವಾ ಆ ಸವಾಲನ್ನು ನಿಜವಾಗಿಯೂ ಆನಂದಿಸಿದವರಿರಬಹುದು. ಯಾವುದೆಂದು ತಿಳಿಯಲು ಅವರನ್ನೇ ಮಾತಾಡಿಸಬೇಕು.

ಯಂತ್ರಕಲಿಕೆಯ ಮಾದರಿ, ಅಂದರೆ ದತ್ತಾಂಶ ನೋಡಿ ಒತ್ತಡ ಗುರುತಿಸಲು ಕಲಿಯುವ ತಂತ್ರಾಂಶ, ಕಟ್ಟುವವರಿಗೆ ಒಂದು ಎಚ್ಚರಿಕೆ. 2018ರಿಂದ ವೆಸಾಡ್ ಎಂಬ ಮುಕ್ತ ದತ್ತಾಂಶ ಲಭ್ಯವಿದೆ: 15 ಜನ, ಎದೆಯಿಂದ ಸೆಕೆಂಡಿಗೆ 700 ಅಳತೆ, ಮಣಿಕಟ್ಟಿನಿಂದ ನಾಡಿ 64, ವಾಹಕತೆ 4. ಇಂಥದ್ದನ್ನು 60 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಕಲಸಿ, ಕೆಲವನ್ನು ಕಲಿಕೆಗೆ ಕೆಲವನ್ನು ಪರೀಕ್ಷೆಗೆ ಹಾಕಿದರೆ ನಿಖರತೆ ಬೆರಗಾಗುವಷ್ಟು ಬರುತ್ತದೆ. ಒಬ್ಬರದೇ ತುಂಡುಗಳು ಎರಡೂ ಕಡೆ ಇರುವುದರಿಂದ ಮಾದರಿ ಒತ್ತಡವನ್ನಲ್ಲ, ಆ ವ್ಯಕ್ತಿಯನ್ನು ಗುರುತು ಹಿಡಿದಿರುತ್ತದೆ. ಒಬ್ಬರನ್ನು ಪೂರ್ತಿ ಹೊರಗಿಟ್ಟು ಉಳಿದವರಿಂದ ಕಲಿಸಿ, ಹೊರಗಿಟ್ಟವರ ಮೇಲೆ ಪರೀಕ್ಷಿಸಬೇಕು, ಹೀಗೆ ಪ್ರತಿಯೊಬ್ಬರಿಗೂ. ಅಂಕಿ ಇಳಿಯುತ್ತದೆ, ಆದರೆ ಹೊಸಬರ ಮೇಲೆ ಏನಾಗುತ್ತದೆಂದು ಹೇಳುವುದು ಆ ಇಳಿದ ಅಂಕಿಯೇ.

ಪ್ರಯೋಗಕ್ಕೆ ಬಂದವರನ್ನು ಕಳಿಸುವ ಮುಂಚೆ ತೀರ್ಪುಗಾರರು ಒಳಗೆ ಬಂದು ತಾವು ಬೇಕೆಂದೇ ನಿರ್ಭಾವದಿಂದ ಕೂತಿದ್ದೆವು, ಭಾಷಣಕ್ಕೆ ಯಾರೂ ಅಂಕ ಕೊಟ್ಟಿಲ್ಲ ಎಂದು ತಿಳಿಸುತ್ತಾರೆ. ತಮ್ಮ ದಾಖಲೆಯನ್ನು ತೆಗೆಸಿಹಾಕುವ ಹಕ್ಕು ಇದೆಯೆಂದು ಮತ್ತೊಮ್ಮೆ ಹೇಳುತ್ತೇವೆ. ‘ನನ್ನ ಒತ್ತಡ ಎಷ್ಟು’ ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ಶೇಕಡಾವಾರು ಸಂಖ್ಯೆ ಹೇಳುವುದಿಲ್ಲ. ಅವರದೇ ಗೆರೆಯನ್ನು ಪರದೆಯ ಮೇಲೆ ತೋರಿಸಿ, ಇಲ್ಲಿ ಓದುತ್ತಿದ್ದಿರಿ, ಇಲ್ಲಿ ಲೆಕ್ಕ ಶುರುವಾಯಿತು, ಇಲ್ಲಿ ಇಳಿಯತೊಡಗಿತು ಎಂದು ವಿವರಿಸುತ್ತೇವೆ. ಇದು ರೋಗನಿರ್ಣಯ ಅಲ್ಲವೆಂದೂ, ಪ್ರಶ್ನಾವಳಿಯ ಅಂಕ ಹೆಚ್ಚಿದ್ದರೆ ಯಾರನ್ನು ಕಾಣಬಹುದೆಂದೂ ಹೇಳುತ್ತೇವೆ. ಅವರು ಹೋದ ಮೇಲೆ ಕಡತದಲ್ಲಿ ಕೋಣೆಯ ಉಷ್ಣತೆ, ಜೆಲ್ ಹಚ್ಚಿದ ಹೊತ್ತು, ಎಲೆಕ್ಟ್ರೋಡ್ ಇಟ್ಟ ಜಾಗ, ಅವರು ಹೇಳಿದ ಔಷಧಿ, ನಡುವೆ ಬಾಗಿಲು ತಟ್ಟಿದ ಸದ್ದು ಬಂದಿದ್ದರೆ ಅದರ ಸಮಯ, ಎಲ್ಲವನ್ನೂ ಅದೇ ದಿನ ಬರೆದಿಡುತ್ತೇವೆ.